ಇಂದು ತಪಾಸಣೆ ಇದೆ, ನಾಳೆ ಬನ್ನಿ

ಬಿ.ಎಸ್ಸಿ. ನರ್ಸಿಂಗ್ ಕಾಲೇಜು ತೆರೆಯಬೇಕಾದರೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎನ್ನುತ್ತದೆ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಬರೆದವರು ಹಳೆಯ ಕಾಲದವರಿರಬೇಕು. ಹಾಸಿಗೆ ಎಂದಮೇಲೆ ಅದರ ಮೇಲೆ ರೋಗಿ ಇರುತ್ತಾನೆ, ರೋಗಿ ಎಂದಮೇಲೆ ಅವನಿಗೊಂದು ರೋಗ ಇರುತ್ತದೆ ಎಂದು ನಂಬಿ ಸುಮ್ಮನಾದರು. ನಮ್ಮ ಟ್ರಸ್ಟಿನ ಅಧ್ಯಕ್ಷರು ಮಾತ್ರ ನಿಯಮವನ್ನು ಅಕ್ಷರಕ್ಕೆ ಅಕ್ಷರ ಓದಿದರು. ಟೈಲ್ಸ್ ಅಂಗಡಿಯ ಮೇಲಿನ ಮಹಡಿಗಳಿಗೆ 100 ಹಾಸಿಗೆ ಬಂದು ಬಿದ್ದವು. ಯಾವ ಊರಿನ ಯಾವ ಕಾಲೇಜು ಎಂದು ಕೇಳಬೇಡಿ. ಓದುವಾಗ ನಿಮ್ಮ ತಲೆಗೆ ಯಾವುದು ಬಂತೋ ಅದೇ ಇರಲಿ.

ತಪಾಸಣಾ ಸಮಿತಿ ಬರುವ ದಿನ ಅಲ್ಲಿ ಮದುವೆ ಮನೆಯ ಗಡಿಬಿಡಿ. ಬಾಗಿಲಿಗೆ ಮಾವಿನ ತೋರಣ, ಸ್ವಾಗತಕ್ಕೆ ಶಾಲು, ಹಾರ. ಬೆಡ್‌ಶೀಟುಗಳ ಮಡಿಕೆ ಇನ್ನೂ ಬಿಟ್ಟಿಲ್ಲ, ಒಂದೆರಡರ ಮೂಲೆಯಲ್ಲಿ ಬೆಲೆಯ ಚೀಟಿ. ಪ್ರಯೋಗಾಲಯದ ಬೊಂಬೆಯಂತೂ ಖರೀದಿಸಿದಂದಿನಿಂದ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದೆ. ಕೃತಕ ಉಸಿರಾಟ ಕಲಿಸಬೇಕಾದ ಬೊಂಬೆಗೇ ಉಸಿರುಕಟ್ಟಿದೆ. ಎಂಟೂವರೆಗೆ ಟೆಂಪೊದಲ್ಲಿ ರೋಗಿಗಳು ಬಂದಿಳಿಯುತ್ತಾರೆ. ದಿನಗೂಲಿ, ಜೊತೆಗೆ ಮಧ್ಯಾಹ್ನದ ಊಟ.

"ಈ ಸಲ ನನಗೆ ಏನು ಕಾಯಿಲೆ ಸಾರ್? ಹೋದ ವರ್ಷ ಟೈಫಾಯ್ಡ್ ಇತ್ತು."

"ಅದು ವಾಸಿಯಾಯಿತು. ಈ ವರ್ಷ ಹರ್ನಿಯಾ. ಬಲಗಡೆ. ಕೇಳಿದರೆ ಎಡಗಡೆ ತೋರಿಸಿಬಿಟ್ಟೀಯ!"

ಕೇಸ್ ಶೀಟುಗಳು ಹಿಂದಿನ ರಾತ್ರಿಯೇ ಸಿದ್ಧವಾಗಿವೆ. ಎಲ್ಲವೂ ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ಜ್ವರದ ಕಾಲಂನಲ್ಲಿ ಎಲ್ಲರಿಗೂ 98.6, ನಾಡಿ 72, ಬಿ.ಪಿ. 120/80. ನ್ಯುಮೋನಿಯಾದವರಿಗೂ ಅಷ್ಟೇ, ಡೆಂಗಿಯವರಿಗೂ ಅಷ್ಟೇ. ಇಷ್ಟು ಆರೋಗ್ಯವಂತ ರೋಗಿಗಳು ಭೂಮಂಡಲದ ಯಾವ ಆಸ್ಪತ್ರೆಯಲ್ಲೂ ಸಿಗಲಾರರು. ಶುಶ್ರೂಷೆಯ ಗುಣಮಟ್ಟ ಅತ್ಯುತ್ತಮ ಎಂದು ಸಮಿತಿ ಷರಾ ಬರೆದರೆ ಆಕ್ಷೇಪಿಸಲು ನಾವು ಯಾರು?

ಬೋಧಕರೂ ಬಂದಿದ್ದಾರೆ, ಮೂಲ ಪ್ರಮಾಣಪತ್ರದ ಫೈಲು ಕಂಕುಳಲ್ಲಿ ಇಟ್ಟುಕೊಂಡು. ನಾಳೆ ಅದೇ ಫೈಲು ಪಕ್ಕದ ಜಿಲ್ಲೆಯಲ್ಲಿ ಪಾಠ ಮಾಡಲಿದೆ. ವೈದ್ಯಕೀಯ ಕಾಲೇಜುಗಳವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ: ಬಯೊಮೆಟ್ರಿಕ್ ಹಾಜರಿ ಹಾಕಲು ಕೃತಕ ಬೆರಳುಗಳನ್ನೇ ಮಾಡಿಸಿಕೊಂಡಿದ್ದರು ಎಂಬ ಆರೋಪ 2025ರ ಸಿಬಿಐ ಎಫ್‌ಐಆರ್‌ನಲ್ಲಿದೆ. ಬೆರಳು ಹಾಜರು, ಮಿಕ್ಕ ಪ್ರಾಧ್ಯಾಪಕರು ಗೈರು.

ಹನ್ನೊಂದರ ಹೊತ್ತಿಗೆ ಒಂದು ಎಡವಟ್ಟಾಯಿತು. ನಿಜವಾದ ರೋಗಿಯೊಬ್ಬರು ಬಂದುಬಿಟ್ಟರು. ಪಕ್ಕದ ಬೀದಿಯಲ್ಲಿ ಬಾಳೆಹಣ್ಣಿನ ಗಾಡಿ ತಳ್ಳುವವರು. ಎದೆ ಹಿಡಿದುಕೊಂಡಿದ್ದರು, ಅಂಗಿ ಬೆವರಿನಿಂದ ತೊಯ್ದಿತ್ತು. ಪಾಪ, ಬೋರ್ಡಿನಲ್ಲಿ ಬರೆದದ್ದನ್ನು ನಂಬಿದ್ದರು. ಕಾವಲುಗಾರ ಕೈ ಅಡ್ಡ ಹಿಡಿದ: "ಒಂದು ಬೆಡ್ಡೂ ಖಾಲಿ ಇಲ್ಲ ಯಜಮಾನರೇ. ಇಂದು ತಪಾಸಣೆ ಇದೆ, ನಾಳೆ ಬನ್ನಿ." ಅವನು ಸುಳ್ಳು ಹೇಳಲಿಲ್ಲ. ನಾಳೆ ನೂರಕ್ಕೆ ನೂರು ಹಾಸಿಗೆಯೂ ಖಾಲಿ.

ಹಾಸಿಗೆಯ ಲೆಕ್ಕ ಕೇಳುವವರ ಮೇಲೆ ಅವಲಂಬಿಸಿರುತ್ತದೆ ಎಂಬುದು ಈ ಉದ್ಯಮದ ಮೂಲ ಗಣಿತ. 2016ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳದ ಬಗ್ಗೆ ಸಮಿತಿ ರಚಿಸಲು ಹೇಳಿತು. ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 100 ದಾಟಿದ್ದರೆ ಅದರಲ್ಲಿ ಶೇಕಡ 10ನ್ನು ಮೀರಿ ಕಡಿತ ಮಾಡುವಂತಿಲ್ಲ, 50ಕ್ಕಿಂತ ಕಡಿಮೆ ಇದ್ದರೂ 20,000 ರೂಪಾಯಿಗಿಂತ ಕೆಳಗಿಳಿಯುವಂತಿಲ್ಲ. ರಾತ್ರಿ ಪಾಳಿಯ ನರ್ಸ್ ಇದನ್ನು ಎಲ್ಲಿಯೋ ಓದಿಕೊಂಡು ಬಂದು ಕೇಳಿದರೆ ಅಧ್ಯಕ್ಷರು ಕಣ್ಣರಳಿಸುತ್ತಾರೆ: "ನೂರು ಹಾಸಿಗೆಯೇ? ನಮ್ಮದು ನಲವತ್ತೊಂಬತ್ತು ಹಾಸಿಗೆಯ ಬಡ ಆಸ್ಪತ್ರೆಯಮ್ಮ." ಹಾಗಾದರೆ ಇಪ್ಪತ್ತು ಸಾವಿರವಾದರೂ ಕೊಡಿ ಎಂದರೆ, "ಸೇವಾ ಮನೋಭಾವ ಎಲ್ಲಿ ಹೋಯಿತು?" ಹನ್ನೆರಡು ಸಾವಿರ ಮತ್ತು ಸೇವಾ ಮನೋಭಾವ ಸೇರಿದರೆ ಇಪ್ಪತ್ತು ಸಾವಿರ ದಾಟುತ್ತದೆ ಎಂಬುದು ಅವರ ವಾದ. ದಾದಿಯರ ದಿನವಾದ ಮೇ 12ರಂದು ಆಕೆಗೆ ಒಂದು ಗುಲಾಬಿಯೂ ಸಿಗುತ್ತದೆ, ಫ್ಲಾರೆನ್ಸ್ ನೈಟಿಂಗೇಲ್ ಅವರ ಫೋಟೊ ಎದುರು ದೀಪ ಹಚ್ಚುವ ಅವಕಾಶವೂ ಸಿಗುತ್ತದೆ. ನೈಟಿಂಗೇಲ್ ಅವರ ದೀಪ ಎಲ್ಲರಿಗೂ ಗೊತ್ತು; ಸತ್ತ ಸೈನಿಕರ ಲೆಕ್ಕವನ್ನು ನಕ್ಷೆ ಬಿಡಿಸಿ ಸರ್ಕಾರದ ಮುಂದೆ ಹಿಡಿದ ಸಂಗತಿಯನ್ನು ಭಾಷಣದಲ್ಲಿ ಯಾರೂ ತೆಗೆಯುವುದಿಲ್ಲ.

ಇನ್ನು ವಿದ್ಯಾರ್ಥಿಗಳು. ಕೇರಳದಿಂದ, ಬಂಗಾಳದಿಂದ, ಈಶಾನ್ಯದಿಂದ ಏಜೆಂಟರು ಕರೆತಂದ ಮಕ್ಕಳು. ಅವರ ಅಂಕಪಟ್ಟಿಗಳು ಅಧ್ಯಕ್ಷರ ಬೀರುವಿನಲ್ಲಿ ಸುರಕ್ಷಿತ. ಕ್ಲಿನಿಕಲ್ ಪೋಸ್ಟಿಂಗ್ ಎಂದು ಸರ್ಕಾರಿ ಆಸ್ಪತ್ರೆಗೆ ಕಳಿಸಿದರೆ, ಅಲ್ಲಿ ಒಬ್ಬ ಅಜ್ಜಿಯ ತೋಳಿಗೆ ಇಪ್ಪತ್ತು ಮಕ್ಕಳು ಸರದಿಯಲ್ಲಿ ನಿಂತು ಬಿ.ಪಿ. ಪಟ್ಟಿ ಸುತ್ತುತ್ತಾರೆ. ಹದಿನೈದನೆಯ ಹುಡುಗಿಯ ಹೊತ್ತಿಗೆ ಅಜ್ಜಿಗೆ ನಿಜವಾಗಿಯೂ ಬಿ.ಪಿ. ಏರಿರುತ್ತದೆ.

ತಪಾಸಣೆ ಬಿಗಿಯಾಗಬೇಕು ಎನ್ನುವವರು ಮಧ್ಯಪ್ರದೇಶವನ್ನು ನೋಡಬೇಕು. ಅಲ್ಲಿ ಕಾಗದದ ಮೇಲಷ್ಟೇ ಇರುವ ನರ್ಸಿಂಗ್ ಕಾಲೇಜುಗಳ ಗಲಾಟೆ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಾಲಯ ಸಿಬಿಐಗೆ ವಹಿಸಿತು. ಸಿಬಿಐ 308 ಕಾಲೇಜುಗಳನ್ನು ನೋಡಿ 169 ಯೋಗ್ಯ, 74ರಲ್ಲಿ ಕೊರತೆ, 65 ಅಯೋಗ್ಯ ಎಂದಿತು. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, 2024ರ ಮೇ ತಿಂಗಳಲ್ಲಿ, ಯೋಗ್ಯತೆಯ ವರದಿಗೆ 10 ಲಕ್ಷ ಲಂಚ ಪಡೆದ ಆರೋಪದ ಮೇಲೆ ಸಿಬಿಐ ತನ್ನದೇ ಇನ್‌ಸ್ಪೆಕ್ಟರ್ ಒಬ್ಬರನ್ನು ಹಿಡಿಯಿತು. ಆಮೇಲೆ ಆ 169 ಯೋಗ್ಯರನ್ನು ನ್ಯಾಯಾಂಗ ಅಧಿಕಾರಿಗಳ ಎದುರು, ವಿಡಿಯೊ ಚಿತ್ರೀಕರಣದೊಂದಿಗೆ ಮತ್ತೆ ತಪಾಸಣೆ ಮಾಡಬೇಕೆಂದು ಆದೇಶವಾಯಿತು. ಇಷ್ಟೆಲ್ಲ ನಡೆಯುವಾಗ ಮಕ್ಕಳಿಗೆ ವರ್ಷಗಟ್ಟಲೆ ಪರೀಕ್ಷೆಯೇ ನಡೆಯಲಿಲ್ಲ. ಶುಲ್ಕಕ್ಕೆ ಮಾತ್ರ ಯಾವ ತಡೆಯಾಜ್ಞೆಯೂ ಇರಲಿಲ್ಲವೆನ್ನಿ.

ವಿಡಿಯೊ ಸುದ್ದಿ ನಮ್ಮ ಅಧ್ಯಕ್ಷರ ಕಿವಿಗೂ ಬಿದ್ದಿದೆ. ಕ್ಯಾಮೆರಾ ಬಂದರೆ ಬರೀ ಮಲಗಿದರೆ ಸಾಲದು ಎಂದು ಟೆಂಪೊದಲ್ಲಿ ಬರುವ ರೋಗಿಗಳಿಗೆ ವಾರಕ್ಕೆ ಎರಡು ದಿನ ನರಳುವ ತರಬೇತಿ ಶುರು ಮಾಡಿದ್ದಾರೆ. ಆ ಕಟ್ಟಡದಲ್ಲಿ ನಡೆಯುತ್ತಿರುವ ಮೊದಲ ಪ್ರಾಯೋಗಿಕ ತರಗತಿ ಅದು. ಹಾಜರಾತಿ ಪೂರ್ತಿ ಇದೆಯಂತೆ.