ಅರ್ಧವಿರಾಮಕ್ಕೆ ತಲೆಬಾಗುವ ಪೆಟ್ಟಿಗೆ

ವೈ-ಫೈ ಪಾಸ್‌ವರ್ಡಿಗೆ ಅಂಕಿ, ಅಕ್ಷರ, ಚಿಹ್ನೆಗಳನ್ನೆಲ್ಲ ಬೆರೆಸಿ, ಮನೆಗೆ ಬಂದ ನೆಂಟರಿಗೂ ಅದನ್ನು ಹೇಳಲು ಹಿಂಜರಿಯುವ ಗೃಹಸ್ಥರ ಗಮನಕ್ಕೆ: ನಿಮ್ಮ ರೂಟರಿಗೆ ಆ ಪಾಸ್‌ವರ್ಡಿಗಿಂತ ಅರ್ಧವಿರಾಮ (;) ಚಿಹ್ನೆಯ ಮೇಲೆ ಹೆಚ್ಚು ಭಕ್ತಿ ಇರಬಹುದು.

2016ರ ಡಿಸೆಂಬರಿನಲ್ಲಿ ನೆಟ್‌ಗೇರ್ ಕಂಪನಿಯ ಆರ್7000 ಮತ್ತಿತರ ಮಾದರಿಗಳಲ್ಲಿ ಈ ಭಕ್ತಿ ಬಯಲಾಯಿತು. ರೂಟರಿನ ನಿರ್ವಹಣಾ ಪುಟದ ವಿಳಾಸಕ್ಕೆ ಒಂದು ಅರ್ಧವಿರಾಮ ಹಾಕಿ, ಅದರ ಮುಂದೆ ರೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಆದೇಶವೊಂದನ್ನು ಬರೆದರೆ ಸಾಕು, ಬರೆದವರು ಯಾರೆಂದು ವಿಚಾರಿಸುವ ಅಸಭ್ಯತನಕ್ಕೆ ಇಳಿಯದೆ ಅದು ಪಾಲಿಸುತ್ತಿತ್ತು. ಮನೆಯವರು ಯಾವುದೋ ಕಿಡಿಗೇಡಿ ಜಾಲತಾಣವನ್ನು ತೆರೆದರೆ ಅವರ ಬ್ರೌಸರೇ ಆ ಆದೇಶವನ್ನು ಮುಟ್ಟಿಸಬಲ್ಲದಾಗಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ, ಕಂಪ್ಯೂಟರ್ ಸುರಕ್ಷತೆಯ ಎಚ್ಚರಿಕೆ ನೀಡುವ ಸರ್ಟ್ ಕೇಂದ್ರವು, ದುರಸ್ತಿಯಾಗುವವರೆಗೆ ಈ ರೂಟರುಗಳ ಬಳಕೆಯನ್ನೇ ನಿಲ್ಲಿಸುವ ಬಗ್ಗೆ ಯೋಚಿಸಿ ಎಂದಿತು. ನಿಲ್ಲಿಸಲಾಗದವರಿಗೂ ಒಂದು ಉಪಾಯವಿತ್ತು: ಕಳ್ಳನಿಗೆಂದು ತೆರೆದುಕೊಂಡ ಅದೇ ಕನ್ನದಲ್ಲಿ ಮನೆಯ ಯಜಮಾನರೇ ನುಸುಳಿ, ಅದೇ ಅರ್ಧವಿರಾಮದ ಮುಂದೆ 'ಕಿಲ್‌ಆಲ್' ಎಂದು ಬರೆದು, ಆ ನಿರ್ವಹಣಾ ಪುಟವನ್ನು ಒದಗಿಸುವ ರೂಟರಿನ ವೆಬ್ ಸರ್ವರನ್ನು ಕೊಲ್ಲುವುದು. ಕರೆಂಟು ಹೋಗಿ ಬಂದರೆ ಸರ್ವರು ಮತ್ತೆ ಎದ್ದು ಕೂರುತ್ತದೆ, ಆಗ ಮತ್ತೊಮ್ಮೆ ಕೊಲ್ಲಬೇಕು. ಇದು ಗೇಲಿಯಲ್ಲ, ಅಧಿಕೃತ ಸಲಹೆ.

ಟಿಪಿ-ಲಿಂಕ್‌ನ ಆರ್ಚರ್ ಎಎಕ್ಸ್21 ರೂಟರ್ ಇನ್ನೂ ಮುಗ್ಧ. 'ದೇಶ' ಎಂಬ ಅಂಕಣದಲ್ಲಿ ದೇಶದ ಹೆಸರಿನ ಬದಲು ಆದೇಶ ಬರೆದರೆ ಅದನ್ನೂ ಶಿರಸಾವಹಿಸಿ, ಸರ್ವಾಧಿಕಾರವುಳ್ಳ 'ರೂಟ್' ಬಳಕೆದಾರನ ಹೆಸರಿನಲ್ಲಿ ನಡೆಸಿಕೊಡುತ್ತಿತ್ತು. ಆದರೆ ಒಂದೇ ಕೋರಿಕೆಗೆ ಕೆಲಸವಾಗುತ್ತಿರಲಿಲ್ಲ, ಎರಡನೆಯದನ್ನೂ ಕಳಿಸಬೇಕಿತ್ತು. (ನಮ್ಮ ಕಚೇರಿಗಳಲ್ಲಿ ಎರಡೇ ಅರ್ಜಿಗೆ ಕೆಲಸವಾದವರು ಯಾರಾದರೂ ಇದ್ದರೆ ಕೈ ಎತ್ತಬೇಕು.) 2022ರ ಡಿಸೆಂಬರಿನಲ್ಲಿ ಟೊರಾಂಟೋದ ಪೋನ್‌ಟುಓನ್ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಈ ದೋಷ ಪ್ರದರ್ಶನಗೊಂಡಿತು, 2023ರ ಮಾರ್ಚಿನಲ್ಲಿ ಪರಿಹಾರದ ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಬಂತು. ಅದನ್ನು ಹಾಕಿಕೊಳ್ಳಬೇಕೆಂದು ಬಳಕೆದಾರರಿಗೆ ತಿಳಿಯುವ ಮೊದಲೇ, ಏಪ್ರಿಲ್‌ನಲ್ಲಿ, ವಶಪಡಿಸಿಕೊಂಡ ಸಾಧನಗಳ ಸೈನ್ಯವಾದ ಮಿರಾಯ್ ಬಾಟ್‌ನೆಟ್ ನಡೆಸುವವರಿಗೆ ತಿಳಿದಿತ್ತು. ಕಂಪನಿಯ ಪ್ರಕಟಣೆಗಳನ್ನು ಶ್ರದ್ಧೆಯಿಂದ ಓದುವ ಗ್ರಾಹಕರೆಂದರೆ ಅವರೇ.

ಡಿ-ಲಿಂಕ್‌ನದು ವೈರಾಗ್ಯದ ಮಾರ್ಗ. ಅದರ ಕೆಲವು ಹಳೆಯ ಮಾದರಿಗಳಲ್ಲಿ ಸಂಪರ್ಕ ಸರಿಯಿದೆಯೇ ಎಂದು ನೋಡುವ 'ಪಿಂಗ್' ಪರೀಕ್ಷೆಯ ಮೂಲಕವೇ, ಲಾಗಿನ್ ಆಗದವರೂ ಆದೇಶ ನುಗ್ಗಿಸಬಹುದೆಂದು 2019ರಲ್ಲಿ ಫೋರ್ಟಿನೆಟ್ ಎಂಬ ಸುರಕ್ಷತಾ ಕಂಪನಿಯ ಸಂಶೋಧಕರು ತೋರಿಸಿಕೊಟ್ಟರು. ಆ ಮಾದರಿಗಳ ಆಯುಷ್ಯ ಮುಗಿದಿದೆ, ಆದ್ದರಿಂದ ದುರಸ್ತಿ ಇಲ್ಲ ಎಂಬ ಉತ್ತರ ಬಂತು. ಈ ನಿವೃತ್ತಿಯ ಸುತ್ತೋಲೆ ರೂಟರುಗಳಿಗೆ ಮಾತ್ರ ತಲುಪಲಿಲ್ಲವಾದ್ದರಿಂದ, ಅವು ಮನೆಮನೆಗಳಲ್ಲಿ ಎಂದಿನಂತೆಯೇ ಸೇವೆ ಮುಂದುವರಿಸಿದವು, ಕೇಳಿದವರಿಗೆಲ್ಲ.