ಮೋಡೆಮ್ ವಾಕಿಂಗ್ ಹೋಗಿದೆ

ನಮ್ಮ ಮನೆಯ ಇಂಟರ್ನೆಟ್ ಸದ್ಯಕ್ಕೆ ಮಾವನವರ ಜುಬ್ಬಾದ ಜೇಬಿನಲ್ಲಿದೆ. ಅವರು ಹಾಲ್‌ನಲ್ಲಿ ಕೂತಿದ್ದರೆ ನನಗೆ ಕೆಲಸ ಇದೆ. ಅವರು ಗೇಟು ದಾಟಿದರೆ ನಾನು ರಜೆಯಲ್ಲಿ, ಅದೂ ಸಂಬಳ ಇಲ್ಲದ ರಜೆಯಲ್ಲಿ.

ಕಾರಣ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಸ್ತೆ ಅಗೆದಿದ್ದಾರೆ. ಹನುಮಂತನಗರದ ನಮ್ಮ ಕ್ರಾಸ್‌ನಲ್ಲಿ ಮೊದಲು ನೀರಿನ ಪೈಪಿಗೆ ಅಂತ ಅಗೆದರು, ಮುಚ್ಚಿದರು, ಡಾಂಬರು ಹಾಕಿದರು, ಆ ಡಾಂಬರು ಆರುವ ಮೊದಲೇ ಇನ್ಯಾರೋ ಬಂದು ಮತ್ತೆ ಅಗೆದರು, ಈ ಸಲ ಜೆಸಿಬಿಯ ಹಲ್ಲಿಗೆ ಫೈಬರ್ ಕೇಬಲ್ ಸಿಕ್ಕಿತು. ಕೂದಲೆಳೆಯಷ್ಟು ತೆಳು ಗಾಜಿನೊಳಗೆ ಇಡೀ ಬೀದಿಯ ನೆಟ್ ಓಡುತ್ತಿರುತ್ತದೆ. ಅದರ ಮೇಲೆ ಜೆಸಿಬಿ. ಬ್ರಾಡ್‌ಬ್ಯಾಂಡ್ ಹುಡುಗನಿಗೆ ಫೋನ್ ಮಾಡಿದರೆ ‘ಫೈಬರ್ ಕಟ್ ಮೇಡಂ, ಸಾಯಂಕಾಲದೊಳಗೆ ಆಗುತ್ತೆ’ ಅನ್ನುತ್ತಾನೆ. ಯಾವತ್ತಿನ ಸಾಯಂಕಾಲಪ್ಪಾ ಅಂತ ಕೇಳುವಷ್ಟರಲ್ಲಿ ಅದೂ ಕಟ್.

ಹಾಟ್‌ಸ್ಪಾಟ್ ಹಾಕಿ, ಫೋನಿನ ನೆಟ್ಟನ್ನು ವೈಫೈ ಮೂಲಕ ಲ್ಯಾಪ್‌ಟಾಪಿಗೆ ಹಂಚಿ, ಫೋನನ್ನೇ ಮೋಡೆಮ್ ಮಾಡಿಕೊಂಡರಾಯಿತು, ಅಲ್ವಾ? ಆದರೆ ನನ್ನ ಸಿಮ್ಮಿಗೆ ಮನೆಯೊಳಗೆ ಸಿಗ್ನಲ್ ಒಂದೇ ಕಡ್ಡಿ, ಅದೂ ಬಚ್ಚಲುಮನೆಯ ಕಿಟಕಿ ಹತ್ತಿರ. ಗಂಡ ಬೆಳಿಗ್ಗೆಯೇ ತನ್ನ ಫೋನ್ ಸಮೇತ ವೈಟ್‌ಫೀಲ್ಡ್ ಕಡೆ ಹೊರಟುಬಿಡುತ್ತಾನೆ. ಅಲ್ಲಿ ಅವನಿಗೆ ನೆಟ್ಟೂ ಇದೆ, ಎಸಿಯೂ ಇದೆ. ಉಳಿದದ್ದು ಮಾವನವರ ಫೋನು. ಅವರ ಕಂಪನಿಯ ಸಿಗ್ನಲ್ ನಮ್ಮ ಮನೆಯಲ್ಲಿ ಮೂಲೆಮೂಲೆಗೂ ಸಿಗುತ್ತದೆ.

‘ತಗೋಮ್ಮ, ನೆಟ್ಟು ತಾನೇ’ ಅಂತ ಧಾರಾಳವಾಗಿ ಕೊಟ್ಟರು. ಆ ಧಾರಾಳತನ ಮೊದಲ ಎಸ್ಸೆಮ್ಮೆಸ್ ಬರುವ ತನಕ. ‘ಇಂದಿನ ಡೇಟಾದಲ್ಲಿ ಶೇಕಡಾ 50 ಖರ್ಚಾಗಿದೆ’ ಅನ್ನುವುದನ್ನು ನನ್ನ ಮೀಟಿಂಗ್ ನಡುವೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ಆಮೇಲೆ 90. ಆಮೇಲೆ 100. ದಿನಕ್ಕೆ 2 ಜಿಬಿಯ ಪ್ಯಾಕು. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಹಳೇ ಡಯಲ್‌ಅಪ್ ಮೋಡೆಮ್ಮು 56 ಕೊಡುತ್ತಿತ್ತು, ಅಂದರೆ ಇಷ್ಟು ವರ್ಷದಲ್ಲಿ ನಾವು ಮುಂದೆ ಬಂದದ್ದು ಎಂಟು. ರಾತ್ರಿ ಹನ್ನೆರಡಾದರೆ ಮತ್ತೆ ಹೊಸ 2 ಜಿಬಿ, ಆಗ ಯಾರಿಗೆ ಬೇಕು? ಇನ್ನು ಆಫೀಸಿನ ಲ್ಯಾಪ್‌ಟಾಪಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಅದರ ಪಾಲಿಗೆ ಹಾಟ್‌ಸ್ಪಾಟೂ ಒಂದು ವೈಫೈ. ಸಿಕ್ಕಿದ್ದೇ ಸೀರುಂಡೆ ಅಂತ ತನ್ನ ಅಪ್‌ಡೇಟುಗಳನ್ನೆಲ್ಲ ಇಳಿಸಿಕೊಳ್ಳುತ್ತದೆ. ‘ಮೀಟರ್ಡ್ ಕನೆಕ್ಷನ್’ ಅಂತ ಒಂದು ಗುಂಡಿ ಇದೆ, ಒತ್ತಿದರೆ ಅದು ಸ್ವಲ್ಪ ಕೈ ಹಿಡಿದು ಖರ್ಚು ಮಾಡುತ್ತದೆ. ಆ ಗುಂಡಿಗೆ ಆಫೀಸಿನವರು ಬೀಗ ಹಾಕಿದ್ದಾರೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮಾವನವರ ಕಾಲು.

ಫೋನ್ ಬಂದರೆ ಅವರು ಕೂತು ಮಾತಾಡುವುದಿಲ್ಲ. ಕೂತಿದ್ದರೆ ಏಳುತ್ತಾರೆ, ಎದ್ದಿದ್ದರೆ ನಡೆಯುತ್ತಾರೆ. ‘ಹಲೋ’ ಅಂದಾಗ ಸೋಫಾದ ಹತ್ತಿರ, ‘ಹಾಂ ಹೇಳಿ ಹೇಳಿ’ ಅನ್ನುವಾಗ ಚಪ್ಪಲಿ ಸ್ಟ್ಯಾಂಡ್ ಹತ್ತಿರ. ಜಿಪಿಆರ್‌ಎಸ್ ಅನ್ನುವ ಹಳೇ ನಿಧಾನ ಮೊಬೈಲ್ ನೆಟ್ಟಿನ ಕಾಲದಲ್ಲಿ, ನಾನು ಪಿಜಿಯಲ್ಲಿದ್ದಾಗ, ಫೋನಿಗೆ ಡೇಟಾ ಕೇಬಲ್ ಚುಚ್ಚಿ, ಕಂಪ್ಯೂಟರಿನಿಂದ *99# ಡಯಲ್ ಮಾಡಿಸಿ ನೆಟ್ ನೋಡುತ್ತಿದ್ದೆವು. ಕರೆ ಬಂತೋ, ನೆಟ್ ಅಲ್ಲೇ ನಿಂತುಬಿಡುತ್ತಿತ್ತು. ಈಗ ವೋಲ್ಟೆ ಬಂದಿದೆ, 4ಜಿಯಲ್ಲಿ ಮಾತೂ ಡೇಟಾವೂ ಒಟ್ಟಿಗೆ ಹೋಗುತ್ತವೆ, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎಷ್ಟು ಜನ ಇಂಜಿನಿಯರುಗಳು ನಿದ್ದೆಗೆಟ್ಟು ಬಿಡಿಸಿದ ಗಂಟೋ ಅದು, ಮಾವನವರು ಎರಡು ಚಪ್ಪಲಿ ಮೆಟ್ಟಿ ಮತ್ತೆ ಹಾಕಿಬಿಟ್ಟರು.

ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೇ ಸಿಕ್ಕಿಸಿ ನೋಡಿದೆ. ನೆಟ್ ಗಟ್ಟಿಯಾಗಿರುತ್ತದೆ, ಫೋನ್ ಚಾರ್ಜೂ ಆಗುತ್ತದೆ. ರಿಂಗಾದ ತಕ್ಷಣ ಬಂದು ಕಿತ್ತುಕೊಂಡು ಹೋದರು. ಹಾಟ್‌ಸ್ಪಾಟನ್ನು 5ರಿಂದ 2.4 ಗಿಗಾಹರ್ಟ್ಸ್‌ಗೆ ಇಳಿಸಿದೆ. ವೇಗ ಕಮ್ಮಿಯಾದರೂ ಗೋಡೆ ದಾಟಿ ಬರುತ್ತದೆ ಅಂತ. ಗೋಡೆ ದಾಟಿತು. ಬೀದಿ ತಿರುವು ಹೇಗೆ ದಾಟೀತು?

ಮೊನ್ನೆ ಕ್ಲೈಂಟ್ ಮುಂದೆ ನನ್ನ ಸ್ಕ್ರೀನ್ ತೋರಿಸುತ್ತಿದ್ದೆ. ಹಾಲ್‌ನಲ್ಲಿ ರಿಂಗಾಯಿತು. ಚಪ್ಪಲಿಯ ಸದ್ದು, ಗೇಟಿನ ಕಿರ್‌. ಮ್ಯಾನೇಜರ್ ಮುಖ ಬಾಯಿ ತೆರೆದ ಸ್ಥಿತಿಯಲ್ಲೇ ನಿಂತಿತು. ಮಾವನವರನ್ನು ‘ಕೂತ್ಕೊಳ್ಳಿ’ ಅಂತ ಗದರುವ ಹಾಗಿಲ್ಲ, ಕ್ಲೈಂಟಿಗೆ ‘ಮಾವ ಹೊರಗೆ ಹೋದರು’ ಅನ್ನುವ ಹಾಗೂ ಇಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆಯೇ ಹೊರಟೆ. ಮೇಲೆ ಇಸ್ತ್ರಿ ಮಾಡಿದ ಕುರ್ತಾ, ಕೆಳಗೆ ಆನೆಮರಿ ಚಿತ್ರದ ನೈಟ್ ಪ್ಯಾಂಟು, ಬಲಗಾಲಿಗೆ ನನ್ನ ಚಪ್ಪಲಿ, ಎಡಗಾಲಿಗೆ ಯಾರದ್ದೋ. ಅವರು ನಿಂತರೆ ನನ್ನ ದನಿ ಅಮೆರಿಕಕ್ಕೆ ಕೇಳುತ್ತದೆ, ನಡೆದರೆ ಕೇಳುವುದಿಲ್ಲ. ಎಳನೀರಿನ ಗಾಡಿ ಹತ್ತಿರ ಅವರು ನಿಂತರು. ನಾನು ಆತುರಾತುರವಾಗಿ ಎರಡು ಸ್ಲೈಡ್ ಮುಗಿಸಿದೆ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕೆಳಗಿಟ್ಟು ನೋಡತೊಡಗಿದ. ಅಗೆದ ಮಣ್ಣಿನ ಗುಡ್ಡೆಯನ್ನು ಅವರು ಸರಾಗವಾಗಿ ಹತ್ತಿಳಿದರು, ನಾನು ತೆರೆದ ಲ್ಯಾಪ್‌ಟಾಪ್ ಹಿಡಿದು ಹಲಗೆ ಮೇಲೆ ದಾಟಿದೆ. ಅಷ್ಟರಲ್ಲಿ ತರಕಾರಿ ಗಾಡಿ ಬಂತು, ಮೈಕಿನಲ್ಲಿ ‘ಈರುಳ್ಳಿ, ಈರುಳ್ಳಿ, ಬನ್ನಿ ಅಕ್ಕಾ’. ಕ್ಲೈಂಟು ಬಹಳ ಮರ್ಯಾದೆಯಿಂದ, ಇನ್ನೊಬ್ಬರು ಏನೋ ಹೇಳಬೇಕು ಅಂತಿದ್ದಾರೆ ಅನಿಸುತ್ತದೆ, ಅವರಿಗೂ ಅವಕಾಶ ಕೊಡೋಣ ಅಂದರು.

ಮಾವನವರು ಆಗ ಹಿಂತಿರುಗಿ ನೋಡಿದರು. ‘ನೀನೂ ಬಂದ್ಯಾ? ಒಳ್ಳೇದಾಯ್ತು ಬಾ, ಸೊಪ್ಪು ಚೆನ್ನಾಗಿದೆ, ಯಾವುದು ತಗೊಳ್ಳಲಿ?’

ಅದೂ ಅಮೆರಿಕಕ್ಕೆ ಕೇಳಿಸಿತು. ಆ ಹೊತ್ತಿನಲ್ಲಿ ಸಿಗ್ನಲ್ ಮಾತ್ರ ಭರ್ಜರಿಯಾಗಿತ್ತು. ಮನೆಗೆ ಬಂದು ಫೋನ್ ಮುಟ್ಟಿದರೆ ಹೆಂಚಿನಿಂದ ಆಗ ತಾನೇ ತೆಗೆದ ರೊಟ್ಟಿಯಷ್ಟು ಬಿಸಿ.

ಹಿಂದೆ ಇವರ ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತಂತೆ, ಸುರುಳಿ ವೈರಿನದ್ದು. ಗೋಡೆ ಪಕ್ಕ ನಿಂತಲ್ಲೇ ನಿಂತು ಮಾತಾಡುತ್ತಿದ್ದರು ಅಂತ ಅತ್ತೆ ಹೇಳುತ್ತಾರೆ, ಎಸ್‌ಟಿಡಿ ಅಂದರೆ ಬೇಗ ಬೇಗ, ಬಿಲ್ಲಿನ ಭಯ. ಈಗ ಬಿಲ್ಲಿನ ಭಯವಿಲ್ಲ. ಮಾತಾಡುವವರೇ ಕಮ್ಮಿಯಾಗಿದ್ದಾರೆ. ಜೊತೆಗೆ ಕೆಲಸ ಮಾಡಿದ ಸ್ನೇಹಿತರಲ್ಲಿ ಉಳಿದವರು ಕೆಲವರು, ಅವರದ್ದೇ ಕರೆಗಳು ಇವು. ಒಂದೊಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಫೋನ್ ಸದ್ದೇ ಮಾಡುವುದಿಲ್ಲ. ಅವತ್ತು ನನ್ನ ನೆಟ್ ಒಂದು ಕ್ಷಣವೂ ನಿಲ್ಲುವುದಿಲ್ಲ. ಅವರು ಆಗಾಗ ರೂಮಿಗೆ ಬಂದು, ಯಾರಾದರೂ ಮಾಡಿದ್ರಾ ಅಂತ ಕೇಳಿ ಹೋಗುತ್ತಾರೆ.

ಹಾಗಂತ ನನ್ನ ಸಿಟ್ಟೇನೂ ಇಳಿದಿಲ್ಲ. ಪಾರ್ಕಿನ ಗೆಳೆಯರ ಹತ್ತಿರ ‘ಸೊಸೆಯ ಆಫೀಸು ನಡೀತಿರೋದೇ ನನ್ನ ಫೋನಿಂದ’ ಅಂತ ಹೇಳಿಕೊಂಡು ಬಂದಿದ್ದಾರೆ. ಎದುರುಮನೆಯವರು ತಮಗೂ ಫೈಬರ್ ಕಟ್ಟಾಗಿದೆ ಅಂತ ಪಾಸ್‌ವರ್ಡ್ ಕೇಳಿದರೆ ಸಂತೋಷದಿಂದ ಕೊಟ್ಟರು. ಈಗ 2 ಜಿಬಿ ಬೆಳಗಿನ ತಿಂಡಿ ಮುಗಿಯುವುದರೊಳಗೆ ಖಾಲಿ, ಪಾಸ್‌ವರ್ಡ್ ಬದಲಾಯಿಸಿದರೆ ಅದನ್ನೂ ಹೋಗಿ ಹೇಳಿ ಬರುತ್ತಾರೆ.

ಆಫೀಸಿನವರು ಹೊಂದಿಕೊಂಡಿದ್ದಾರೆ. ಮ್ಯಾನೇಜರ್ ಮೀಟಿಂಗ್ ಇಡುವ ಮೊದಲು ‘ನಿಮ್ಮ ಮಾವ ಫ್ರೀ ಇದ್ದಾರಾ?’ ಅಂತ ಮೆಸೇಜು ಹಾಕುತ್ತಾರೆ. ಸೋಮವಾರದ ರಿವ್ಯೂ ಮಧ್ಯಾಹ್ನ ಎರಡೂವರೆಗೆ. ಅದು ಮಾವನವರು ಊಟ ಮಾಡಿ ಮಲಗುವ ಹೊತ್ತು.