ಮೊದಲು ಯಾವ ಕಾಲು?

ಬೂಟು ಹಾಕಿಕೊಳ್ಳುವಾಗ ನೀವು ಮೊದಲು ಯಾವ ಕಾಲು ತೂರಿಸುತ್ತೀರಿ? ನನ್ನದು ಕೈಗೆ ಸಿಕ್ಕಿದ್ದು ಮೊದಲು. ಯೆಹೂದಿ ಧರ್ಮಶಾಸ್ತ್ರದಲ್ಲಿ ಇದಕ್ಕೂ ಕಟ್ಟಳೆ ಇದೆ ಎಂದು ಓದಿದ ಮೇಲೆ ಸುಮ್ನೆ ಕಾಲು ತೂರಿಸುವುದೇ ಕಷ್ಟವಾಗಿದೆ.

ಈ ಚರ್ಚೆ ಹಳೆಯದು, ಯೆಹೂದಿ ಪಂಡಿತರ ವಾದಗಳನ್ನು ಕೂಡಿಟ್ಟ ತಾಲ್ಮುಡ್ ಎಂಬ ಪ್ರಾಚೀನ ಗ್ರಂಥದ ಕಾಲದ್ದು. ಮರ್ಯಾದೆ ಬಲಕ್ಕೆ, ಬಲಗಾಲೇ ಮೊದಲು ಎಂಬುದು ಒಂದು ಮಾತು. ರಬ್ಬಿ (ಅಂದರೆ ಧರ್ಮಗುರು) ಯೋಹಾನಾನ್ ಎಡಗಾಲು ಎಂದರು. ಪ್ರಾರ್ಥನೆಗೆ ಕಟ್ಟಿಕೊಳ್ಳುವ ಟೆಫಿಲಿನ್ ಎಂಬ ತೊಗಲಿನ ಪೆಟ್ಟಿಗೆಯನ್ನು ಬಿಗಿಯುವುದು ಎಡತೋಳಿಗೆ ತಾನೇ? ಕೊನೆಗೆ ಎರಡೂ ಮಾತು ಉಳಿಯುವ ದಾರಿ ಸಿಕ್ಕಿತು. ಬಲಗಾಲಿಗೆ ಬೂಟು ಹಾಕು, ಲೇಸು ಕಟ್ಟಬೇಡ. ಎಡಗಾಲಿಗೆ ಹಾಕು, ಕಟ್ಟು. ಆಮೇಲೆ ಬಲಕ್ಕೆ ಬಂದು ಕಟ್ಟು. ಬಿಚ್ಚುವಾಗ ಎಡದ್ದು ಮೊದಲು. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಯೋಸೆಫ್ ಕಾರೋ ಅವರ ‘ಶುಲ್ಹಾನ್ ಆರುಖ್’ ಎಂಬ ಕಟ್ಟಳೆಗಳ ಪುಸ್ತಕದಲ್ಲೂ ಇದೇ ಇದೆ. ಆ ಹೆಸರಿನ ಅರ್ಥ ಅಣಿ ಮಾಡಿಟ್ಟ ಊಟದ ಮೇಜು. ಅದರಲ್ಲಿ ಬೂಟಿಗೂ ಜಾಗ ಸಿಕ್ಕಿದೆ ನೋಡಿ!

ಅಂಗಿಯನ್ನು ಕೂತು ಹಾಕಿಕೊಳ್ಳಬಾರದು ಎನ್ನುತ್ತದೆ ಅದೇ ಪುಸ್ತಕ. ಮಲಗಿದ್ದಲ್ಲೇ ತಲೆ, ತೋಳು ತೂರಿಸಬೇಕು. ಏಳುವಾಗ ಮೈ ಮುಚ್ಚಿರಬೇಕು. ಒಳಕೋಣೆಯಲ್ಲಿ ನನ್ನನ್ನು ಯಾರು ನೋಡುತ್ತಾರೆ ಅನ್ನುವ ಹಾಗಿಲ್ಲ, ದೇವರು ಅಲ್ಲೂ ಇದ್ದಾನೆ. ಒಂದು ಬೆಳಗ್ಗೆ ನಾನೂ ಪ್ರಯತ್ನಿಸಿದೆ. ತಲೆ ಹೋಗಬೇಕಾದ ಕಡೆ ಕೈ ಹೋಗಿ, ದೇವರೊಬ್ಬನೇ ನೋಡುತ್ತಿದ್ದುದು ಒಳ್ಳೆಯದೇ ಆಯಿತು.

ಇನ್ನು ಪಾಯಿಖಾನೆ. ರಬ್ಬಿ ಅಕಿವ ತನ್ನ ಗುರು ಯೆಹೋಶುವಾ ಹಿಂದೆಯೇ ಒಳಗೆ ಹೋಗಿ ಮೂರು ಸಂಗತಿ ಕಲಿತನಂತೆ. ಉತ್ತರ-ದಕ್ಷಿಣಕ್ಕೆ ಮುಖ ಮಾಡುವುದು, ಕೂತೇ ಮೈ ಬಿಚ್ಚುವುದು, ಎಡಗೈಯಲ್ಲಿ ಒರೆಸುವುದು. ಗುರುವಿನ ಹತ್ತಿರ ಇಷ್ಟು ಸಲಿಗೆಯೇ ಎಂದು ಬೆನ್ ಅಜ್ಜೈ ಎಂಬ ಪಂಡಿತ ಕೇಳಿದ್ದಕ್ಕೆ, ಇದೂ ತೋರಾ (ಧರ್ಮೋಪದೇಶ), ಕಲಿಯಬೇಕು ಎಂದು ಅಕಿವ ಹೇಳಿದನಂತೆ. (ಎಡಗೈ ಪಾಠಕ್ಕೆ ನಮ್ಮಲ್ಲಿ ಗುರುವಿನ ಹಿಂದೆ ಹೋಗಬೇಕಿಲ್ಲ, ಅಮ್ಮ ಸಾಕು.) ಹೊರಗೆ ಬಂದು ಕೈ ತೊಳೆದ ಮೇಲೆ ಹೇಳುವ ಸ್ತುತಿಯೂ ಒಂದಿದೆ. ಮನುಷ್ಯನ ಮೈಯಲ್ಲಿ ರಂಧ್ರಗಳನ್ನಿಟ್ಟೆ, ಅವುಗಳಲ್ಲೊಂದು ತೆರೆದುಕೊಂಡರೂ, ಮುಚ್ಚಿಕೊಂಡರೂ ಬದುಕಿರಲಾಗದು ಎನ್ನುತ್ತದೆ ಅದು. ಮಲಬದ್ಧತೆ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೇ!

ಲೇಸಿಲ್ಲದ ಚಪ್ಪಲಿಗೆ ಕಟ್ಟುವ ರಗಳೆಯಿಲ್ಲ, ಬಲಗಾಲು ಮೊದಲು ಅಷ್ಟೆ. ಇದಾದರೆ ನನ್ನ ಕೈಯಲ್ಲಾಗುತ್ತದೆ ಅಂದುಕೊಂಡೆ. ಆದರೆ ಬಸ್ಸಿಗೆ ಓಡುವ ಹೊತ್ತಿನಲ್ಲಿ ಬಾಗಿಲ ಹತ್ತಿರ ಸಿಗುವುದು ಯಾವಾಗಲೂ ಎಡಗಾಲಿನ ಚಪ್ಪಲಿಯೇ.